ರೇ ಸರ್‌ಗೆ ನಾನು ಹೂಂ ಎಂದ ಚಳಿಗಾಲ

ಸಿಡ್ನಿಯ ಚಾಟ್ಸ್‌ವುಡ್‌ನ ನಮ್ಮ ಆಫೀಸಿನ ಲಿಫ್ಟಿನಲ್ಲಿ ಎಂಟು ಜನ ನಿಲ್ಲಬಹುದು ಎಂದು ಬರೆದಿದೆ. ಸೋಮವಾರ ಬೆಳಿಗ್ಗೆ ಹನ್ನೊಂದು ಜನ ನಿಲ್ಲುತ್ತೇವೆ. ಕಳೆದ ತಿಂಗಳು ಹಾಗೆ ಒತ್ತಿಕೊಂಡು ನಿಂತಿದ್ದಾಗ ಸೇಲ್ಸ್‌ನವನೊಬ್ಬನ ಹೆಗಲ ಚೀಲದಿಂದ ಒಂದು ವಾಸನೆ ಬಂತು. ಬೆವರು ಕುಡಿದು, ಒಣಗಿ, ಮತ್ತೆ ಬೆವರು ಕುಡಿದ ತೊಗಲು ಗ್ಲೌಸಿನ ಹುಳಿ ವಾಸನೆ. ಉಳಿದವರೆಲ್ಲ ಮೂಗು ಮುರಿದರು. ನಾನು ಮಾತ್ರ ಮೂಗನ್ನು ಆ ಕಡೆಗೇ ತಿರುಗಿಸಿಕೊಂಡು ನಿಂತುಬಿಟ್ಟೆ. ನನ್ನ ಮಹಡಿ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ.

ಅದು ರೇ ಸರ್ ಗ್ಲೌಸಿನ ವಾಸನೆ. ಮೆಲ್ಬರ್ನ್ ಬಿಟ್ಟು ಸಿಡ್ನಿಗೆ ಬಂದು ಆರು ವರ್ಷವಾಯಿತು. ಇಲ್ಲಿಯದೇ ಲಿವರ್‌ಪೂಲ್ ಎಂಬ ಬಡಾವಣೆಯಲ್ಲಿ ಮನೆ, ಚಾಟ್ಸ್‌ವುಡ್‌ನಲ್ಲಿ ಕೆಲಸ, ದಿನಕ್ಕೆ ಎರಡೂವರೆ ಗಂಟೆ ರೈಲು. ಇಷ್ಟು ದಿನ ಆ ಚಳಿಗಾಲವನ್ನು ಪೂರ್ತಿಯಾಗಿ ನೆನೆಯದೆ ಹೇಗೋ ತಪ್ಪಿಸಿಕೊಂಡು ಬಂದಿದ್ದೆ. ಅವತ್ತು ತಪ್ಪಿಸಿಕೊಳ್ಳಲು ಆಗಲಿಲ್ಲ.

ಆಗ ನಾನು ಮೆಲ್ಬರ್ನಿನಲ್ಲಿ ಅಕೌಂಟಿಂಗ್ ಓದುತ್ತಿದ್ದೆ, ಎರಡನೇ ವರ್ಷ, ಅದೇ ಕೊನೆಯದು. ಊರು ಗದಗ-ಬೆಟಗೇರಿ. ನಮ್ಮ ಓಣಿಯಲ್ಲಿ ಮನೆಗೊಂದು ಹಾಕಿ ಸ್ಟಿಕ್ ಇರುತ್ತಿತ್ತು, ಬಟ್ಟೆ ಒಣಹಾಕುವುದಕ್ಕಾದರೂ ಇರುತ್ತಿತ್ತು. ನಾನು ಯೂನಿವರ್ಸಿಟಿ ತಂಡಕ್ಕೆ ಗೋಲ್‌ಕೀಪರ್ ಆಗಿದ್ದವಳು. ಆಸ್ಟ್ರೇಲಿಯಾಕ್ಕೆ ಹೊರಟಾಗ ಪ್ಯಾಡು, ಹೆಲ್ಮೆಟ್ಟು ಎಲ್ಲ ಸೂಟ್‌ಕೇಸಿಗೆ ಹಾಕಿದ್ದೆ. ಅವ್ವ ಅದನ್ನೆಲ್ಲ ಹೊರಗೆ ತೆಗೆದು ಖಡಕ್ ರೊಟ್ಟಿ, ಶೇಂಗಾ ಚಟ್ನಿ ತುಂಬಿದಳು. ಅಲ್ಲಿಗೆ ನನ್ನ ಆಟ ಮುಗಿಯಿತು ಎಂದುಕೊಂಡಿದ್ದೆ.

ಬಟ್ಟೆ ಒಗೆಯುವ ಅಂಗಡಿಯ ಗೋಡೆಯ ಮೇಲೆ ಒಂದು ಚೀಟಿ ನೋಡಿದೆ. ಹೆಂಗಸರ ತಂಡಕ್ಕೆ ಗೋಲ್‌ಕೀಪರ್ ಬೇಕು, ಅನುಭವ ಬೇಕಿಲ್ಲ ಎಂದಿತ್ತು. ಪಕ್ಕದಲ್ಲಿ ಯಾರೋ ಪೆನ್ನಿನಲ್ಲಿ ಒಂದು ಕೋಲಿನ ಚಿತ್ರ ಬರೆದಿದ್ದರು. ಗೋಲ್‌ಕೀಪರ್ ಎಂದರೆ ಹಾಕಿಯೇ ಎಂದು ನಂಬಿ ಹೋದೆ. ಹೋಗಿ ನೋಡಿದರೆ ಅಲ್ಲಿದ್ದವರ ಕೋಲಿನ ತುದಿಗೆ ಬಲೆಯ ಜೋಳಿಗೆ ಕಟ್ಟಿತ್ತು. ಅದರಲ್ಲಿ ಗಟ್ಟಿ ರಬ್ಬರ್ ಚೆಂಡು ಹೊತ್ತು ಓಡುತ್ತಾರೆ, ಹೆಗಲ ಮೇಲಿಂದ ಬೀಸಿ ಎಸೆಯುತ್ತಾರೆ. ಲಕ್ರಾಸ್ ಎಂದು ಹೆಸರು ಹೇಳಿದರು. ನಾನು ಬೇರೆ ಆಟಕ್ಕೆ ಬಂದಿದ್ದೇನೆ, ಕ್ಷಮಿಸಿ ಎಂದು ತಿರುಗಿದೆ. ಅಷ್ಟರಲ್ಲಿ ಗೋಲಿನ ಹಿಂದಿನಿಂದ ಒಬ್ಬರು ಕುಂಟುತ್ತಾ ಬಂದು ನನ್ನ ಕೈಗೆ ಗ್ಲೌಸು ತುರುಕಿದರು. ಅವರೇ ರೇ ಸರ್.

ಐವತ್ತು ದಾಟಿದ ಮನುಷ್ಯ, ಕೆನಡಾದವರು. ಹತ್ತು ಬೆರಳಲ್ಲಿ ನೆಟ್ಟಗಿದ್ದವು ಆರು. ಎಡಗಿವಿ ಮಂದ. ಅಲ್ಲಿ ಲಕ್ರಾಸ್ ಅನ್ನು ಐಸ್-ಹಾಕಿಯ ಒಳಾಂಗಣದಲ್ಲಿ ಆಡುತ್ತಾರಂತೆ, ಟಿಕೆಟ್ ಇಟ್ಟು ಆಡುತ್ತಾರಂತೆ. ಹದಿನಾರು ವರ್ಷ ಅಲ್ಲಿ ಗೋಲಿನಲ್ಲಿ ನಿಂತವರು ಇವರು. ಹೆಸರಿಗಷ್ಟೇ ವೃತ್ತಿ ಆಟಗಾರರು. ವಾರಪೂರ್ತಿ ಮನೆಗಳ ಮೇಲೆ ಹತ್ತಿ ಸೂರು ಹೊದಿಸುವ ಕೆಲಸ, ಶನಿವಾರ ಆಟ. ಆಡಲು ಆಗದಾದಾಗ ಕೋಚ್ ಆದರು. ಒಂದು ತಂಡ ತೆಗೆದುಹಾಕಿತು, ಇನ್ನೊಂದು ತಂಡ ಮುಚ್ಚಿಹೋಯಿತು, ಮೂರನೆಯದರಲ್ಲಿ ಸಹಾಯಕರ ಸಹಾಯಕರಾದರು. ಕೊನೆಗೆ ಒಂದು ಸೀಸನ್ನಿನ ಕರಾರಿನ ಮೇಲೆ ಭೂಮಿಯ ಈ ತುದಿಯ ಒಂದು ಸಬರ್ಬಿನ ಕ್ಲಬ್ಬಿಗೆ, ಅದರ ಹೆಂಗಸರ ತಂಡಕ್ಕೆ ಬಂದು ಬಿದ್ದಿದ್ದರು. ಕ್ಲಬ್ಬಿನ ಕಾರ್ಯದರ್ಶಿ ಮಾರ್ಗರೆಟ್ ತನ್ನ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಅವರಿಗೆ ಜಾಗ ಕೊಟ್ಟಿದ್ದಳು.

ನಾನು ಸ್ಪೋರ್ಟ್ಸ್ ಹಾಸ್ಟೆಲಿನಲ್ಲಿ ಬೆಳೆದವಳು, ಕೋಚನ್ನು ಹೆಸರು ಹಿಡಿದು ಕರೆಯಲು ನಾಲಗೆ ಏಳುವುದಿಲ್ಲ. ಎಲ್ಲರೂ ರೇ ಎಂದರೆ ನಾನು ರೇ ಸರ್ ಎನ್ನುತ್ತಿದ್ದೆ. ನನ್ನ ಜೊತೆ ಮನೆ ಹಂಚಿಕೊಂಡಿದ್ದ ಮೈಸೂರಿನ ಶೈಲಾಗೆ ಇದು ದೊಡ್ಡ ತಮಾಷೆ. ಅವರ ಫೋನ್ ಬಂದರೆ ಸಾಕು, ನಿಮ್ಮ 'ರೀ' ಫೋನ್ ಮಾಡಿದಾರೆ ಕಣೇ ಎಂದು ಮನೆತುಂಬ ಕೂಗುವಳು. ಸುಮಂಗಲಾ ಎಂಬ ನನ್ನ ಹೆಸರನ್ನು ಅವರು ಮೊದಲ ದಿನವೇ ಸೂ ಎಂದು ಕತ್ತರಿಸಿದ್ದರು.

ಮೆಲ್ಬರ್ನಿನಲ್ಲಿ ಚಳಿಗಾಲ ಜೂನಿನಿಂದ ಆಗಸ್ಟ್‌ವರೆಗೆ, ಆಗಲೇ ಮಳೆಯೂ ಬರಬೇಕು. ಆ ವರ್ಷ ಚಳಿ ಬಂತು, ಮಳೆ ಬರಲಿಲ್ಲ. ನೀರಿಗೆ ನಿರ್ಬಂಧ ಹಾಕಿದ್ದರು. ಮೈದಾನಕ್ಕೆ ನೀರು ಬಿಡುವಂತಿರಲಿಲ್ಲ. ಹುಲ್ಲು ಸತ್ತು ನೆಲ ರಸ್ತೆಯಷ್ಟೇ ಗಟ್ಟಿಯಾಗಿತ್ತು. ಲಕ್ರಾಸಿನಲ್ಲಿ ಚೆಂಡನ್ನು ಗೋಲಿನ ಮುಂದೆ ನೆಲಕ್ಕೆ ಕುಕ್ಕಿ ಪುಟಿಸಿ ಒಳಗೆ ಹಾಕುತ್ತಾರೆ. ಮೆತ್ತನೆಯ ನೆಲದಲ್ಲಿ ಅದು ಮೊಣಕಾಲಿನಷ್ಟು ಏಳುತ್ತದಂತೆ. ನಮ್ಮಲ್ಲಿ ಗಲ್ಲಕ್ಕೆ ಬರುತ್ತಿತ್ತು. ಹಾಕಿಯ ಪ್ಯಾಡಿನ ಮುಂದೆ ಇದರ ಪ್ಯಾಡು ತೆಳು, ಮೈಮೇಲೆ ಎಲ್ಲಿ ಮುಟ್ಟಿದರೂ ನೀಲಿ. ಸಂಜೆ ಐದಕ್ಕೇ ಕತ್ತಲಾಗುವ ಆ ದಿನಗಳಲ್ಲಿ ನಾನು ಪೆಟ್ಟು ತಿಂದು ಮನೆಗೆ ಬಂದು, ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಅಸೈನ್‌ಮೆಂಟ್ ಬರೆಯುತ್ತಿದ್ದೆ.

ಆದರೂ ಹೋಗುತ್ತಿದ್ದೆ. ರೇ ಸರ್‌ಗಾಗಿ ಹೋಗುತ್ತಿದ್ದೆ ಎಂದರೆ ಶೈಲಾ ನಗುತ್ತಾಳೆ, ಆದರೆ ಅದೇ ನಿಜ. ಗೋಲಿಯ, ಎಂದರೆ ಗೋಲ್‌ಕೀಪರ್‌ನ, ಕೆಲಸ ಮುಕ್ಕಾಲು ಪಾಲು ಬಾಯಿಯದ್ದು ಎಂದು ಅವರು ಹೇಳಿಕೊಡುತ್ತಿದ್ದರು. ಮುಂದೆ ನಿಂತ ನಮ್ಮವರ ಬೆನ್ನಿಗೆ ಕಣ್ಣಿಲ್ಲ. ಚೆಂಡು ಎಡಕ್ಕಿದೆಯೋ ಬಲಕ್ಕಿದೆಯೋ ಹಿಂದಕ್ಕೆ ಹೋಯಿತೋ ಎಂದು ಗೋಲಿ ಬಿಡದೆ ಕೂಗಬೇಕು. ನನಗಿಂತ ಇಪ್ಪತ್ತು ವರ್ಷ ದೊಡ್ಡ ಹೆಂಗಸರಿಗೆ ಹಾಗೆ ಹುಕುಂ ಮಾಡಲು ನನಗೆ ಸಂಕೋಚ. ಮೊದಲ ಪಂದ್ಯದಲ್ಲಿ ಪ್ಲೀಸ್ ಸೇರಿಸಿ ಕೂಗಿದ್ದೆ, ಪ್ಲೀಸ್ ಮುಗಿಯುವುದರೊಳಗೆ ಗೋಲಾಗಿತ್ತು. ರೇ ಸರ್ ಮೈದಾನದ ಆ ತುದಿಗೆ ಹೋಗಿ ಬೆನ್ನು ತಿರುಗಿಸಿ ನಿಂತು, ತಮ್ಮ ಮಂದ ಕಿವಿಗೆ ಕೇಳುವವರೆಗೆ ನನ್ನಿಂದ ಕೂಗಿಸಿದರು. ಜೂನ್ ಹೊತ್ತಿಗೆ ನನ್ನ ಗಂಟಲು ಬಿಚ್ಚಿತು. ಬೆಟಗೇರಿಯ ಸಂತೆಯಲ್ಲಿ ಬದನೆಕಾಯಿ ಮಾರುವವರ ಹಾಗೆ ಕೂಗತೊಡಗಿದೆ. ನಾವು ಸೋಲುತ್ತಲೇ ಇದ್ದೆವು, ಆದರೆ ಮರ್ಯಾದೆಯಿಂದ ಸೋಲತೊಡಗಿದೆವು.

ಆ ಚಳಿಗಾಲದಲ್ಲಿ ಅವರ ಇನ್ನೊಂದು ಗುಣವೂ ಕಂಡಿತು. ನನ್ನ ಮುಂಗಾಲಿನ ಪೆಟ್ಟು ಹೇಗಿದೆ ಎಂದು ಕೇಳುವರು, ಉತ್ತರ ಕೊಟ್ಟು ಹತ್ತು ನಿಮಿಷಕ್ಕೆ ಮತ್ತೆ ಕೇಳುವರು. ಎಷ್ಟು ಅಂತಃಕರಣದ ಮನುಷ್ಯ ಎಂದುಕೊಂಡೆ. ಒಮ್ಮೊಮ್ಮೆ ನನ್ನನ್ನು ಟೆರಿ ಎಂದು ಕರೆಯುವರು. ಟೆರಿ ಅವರ ಹಳೆಯ ತಂಡದ ಎರಡನೇ ಗೋಲಿ. ಒಂದು ದಿನ ಮಾರ್ಗರೆಟ್ ಮನೆಯಿಂದ ಮೈದಾನಕ್ಕೆ, ಹತ್ತು ನಿಮಿಷದ ದಾರಿಗೆ, ಒಂದು ಗಂಟೆ ತಡವಾಗಿ ಬಂದರು. ರಸ್ತೆ ಅಗೆದಿದ್ದಾರೆ ಎಂದರು. ನಾನು ಅದೇ ರಸ್ತೆಯಲ್ಲಿ ಬಂದಿದ್ದೆ. ನಂಬಿದಂತೆ ಗ್ಲೌಸು ಹಾಕಿಕೊಂಡೆ.

ಆಗಸ್ಟ್ ತಿಂಗಳು. ಕ್ಲಬ್ಬಿನವರು ಸಭೆ ಸೇರಿ ಮುಂದಿನ ವರ್ಷ ಹೆಂಗಸರ ತಂಡ ಇಟ್ಟುಕೊಳ್ಳುವುದೋ ಬೇಡವೋ ಎಂದು ಚರ್ಚಿಸಿದರು. ಗೋಲಿ ಇಲ್ಲದೆ ತಂಡವನ್ನು ಲೀಗಿಗೆ ಸೇರಿಸುವಂತಿಲ್ಲ, ಗೋಲಿನಲ್ಲಿ ನಿಲ್ಲಲು ನನ್ನ ಬಿಟ್ಟು ಯಾರೂ ತಯಾರಿಲ್ಲ. ಸೂ ಉಳಿದರೆ ತಂಡ ಉಳಿಯುತ್ತದೆ, ತಂಡ ಉಳಿದರೆ ರೇಗೆ ಇನ್ನೊಂದು ವರ್ಷ ಕೊಡುತ್ತೇವೆ ಎಂದು ತೀರ್ಮಾನವಾಯಿತು. ಆ ಸಭೆಗೆ ಎರಡು ವಾರ ಮೊದಲೇ ನಾನು ಸಿಡ್ನಿಯ ಈ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಸಭೆಯ ಮಾರನೆಯ ದಿನ ಕೆಲಸ ಸಿಕ್ಕಿದೆ ಎಂಬ ಪತ್ರ ಬಂತು. ಓದು ಮುಗಿಯುತ್ತಿತ್ತು, ಇಲ್ಲೇ ಕಾಯಂ ನೆಲೆಸಲು ಪಿಆರ್ ಅರ್ಜಿ ಹಾಕುವುದಿತ್ತು. ಫೋನ್ ಕಾರ್ಡ್ ಕೆರೆದು ಅವ್ವನಿಗೆ ಹೇಳಿದೆ. ಆದರೆ ಇಲ್ಲೊಂದು ಟೀಮ್ ಐತಿ ಎಂದು ನಾನು ರಾಗ ಎಳೆದದ್ದಕ್ಕೆ ಅವ್ವ ಒಂದೇ ಮಾತು ಹೇಳಿದಳು.

"ನೌಕರಿ ಸಿಕ್ಕೈತಿ ಅಂದಮ್ಯಾಲ ಚೆಂಡ್ ಹಿಡಕೊಂಡ್ ಕುಂದ್ರತಿಯೇನವಾ?"

ಕುಂದ್ರುವುದಿಲ್ಲ ಎಂದೆ. ಆ ಗಳಿಗೆಯಲ್ಲೇ ನಿರ್ಧಾರವಾಗಿತ್ತು. ಇದನ್ನು ಮುಚ್ಚಿಟ್ಟು ಬರೆದರೆ ಈ ಬರಹ ಸುಳ್ಳಾಗುತ್ತದೆ.

ಆ ಭಾನುವಾರ ಮಧ್ಯಾಹ್ನ ರೇ ಸರ್ ನನ್ನ ಕೋಲಿನ ಬಲೆ ಬಿಚ್ಚಿ ಹೊಸದಾಗಿ ಹೆಣೆಯಲು ಕರೆದಿದ್ದರು. ಇಬ್ಬರೂ ಕ್ಲಬ್ಬಿನ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತೆವು. ಸಿಡ್ನಿಯ ವಿಷಯ ಇವತ್ತು ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಇಂಗ್ಲಿಷ್ ಜೋಡಿಸಿಕೊಂಡು ಹೋಗಿದ್ದೆ. ಆದರೆ ಅವರು ದಾರ ಎಳೆಯುತ್ತಾ ಮಾತು ಶುರು ಮಾಡಿಬಿಟ್ಟರು. ಮೊದಲ ಪಂದ್ಯದಲ್ಲಿ ಹಲ್ಲು ಹೋದದ್ದು, ಸೋಮವಾರ ಸೂರಿನ ಮೇಲೆ ಕೂತಾಗ ತಲೆ ತಿರುಗುತ್ತಿದ್ದದ್ದು, ತಲೆಗೆ ಪೆಟ್ಟು ಬಿದ್ದರೂ ಹೇಳದೆ ಆಡುತ್ತಿದ್ದದ್ದು, ಹೇಳಿದರೆ ಗೋಲಿನಲ್ಲಿ ಟೆರಿಯನ್ನು ನಿಲ್ಲಿಸುತ್ತಾರೆ ಎಂಬ ಭಯ, ಬಿಟ್ಟುಹೋದ ಹೆಂಡತಿ. ಅಷ್ಟು ಮಾತನ್ನು ಅವರು ಯಾರಿಗೂ ಹೇಳಿದ್ದು ನಾನು ಕಂಡಿರಲಿಲ್ಲ. ನಾನು ಹೂಂ ಎನ್ನುತ್ತಾ ಕೂತೆ.

ನಮ್ಮ ಕಡೆ ಒಬ್ಬರು ಮಾತಾಡುವಾಗ ಬಾಯಿ ಮುಚ್ಚಿಕೊಂಡು ಕೂರುವುದು ಅವಮರ್ಯಾದೆ. ಹೂಂಗುಟ್ಟಬೇಕು. ನಮ್ಮ ಅಜ್ಜಿ ಕತೆ ಹೇಳುವಾಗ ಎರಡು ಸಲ ಹೂಂ ತಪ್ಪಿದರೆ ರಾಜನನ್ನು ಕಾಡಿನಲ್ಲೇ ಬಿಟ್ಟು ಎದ್ದುಹೋಗುತ್ತಿದ್ದಳು. ಒಪ್ಪಿದೆ ಎಂಬುದು ಆ ಹೂಂನ ಅರ್ಥವಲ್ಲ. ಎಚ್ಚರವಿದ್ದೇನೆ, ಮುಂದೆ ಹೇಳು ಎಂದಷ್ಟೇ. ಒಪ್ಪಿಗೆಯ ಹೂಂ ಬೇರೆ, ಅದು ಇನ್ನೂ ಗಿಡ್ಡ. ಎರಡರ ವ್ಯತ್ಯಾಸ ನಮ್ಮವರ ಕಿವಿಗೆ ಗೊತ್ತು. ಮೈದಾನದಲ್ಲಿ ಪ್ರತಿಯೊಂದನ್ನೂ ಶಬ್ದ ಬಿಡಿಸಿ ಕೂಗಲು ಕಲಿತವಳು ಮೆಟ್ಟಿಲ ಮೇಲೆ ಮಾತ್ರ ಅಜ್ಜಿಯ ಮೊಮ್ಮಗಳಾಗಿಯೇ ಉಳಿದಿದ್ದೆ.

ಅವರ ಊರಿನ ಶಾಲೆಯೊಂದು ಮಕ್ಕಳಿಗೆ ಲಕ್ರಾಸ್ ಕಲಿಸಲು ಕರೆದಿದೆ ಎಂದರು. ಸಣ್ಣ ಕೆಲಸ, ಆದರೆ ಕಾಯಂ. ಸೋಮವಾರದೊಳಗೆ ಉತ್ತರ ಹೇಳಬೇಕು. ಹೂಂ ಎಂದೆ. ಆ ಊರಲ್ಲಿ ಎಲ್ಲರ ಕಣ್ಣಿಗೂ ಅವರು ಸೂರಿನ ರೇ, ಇಲ್ಲಿಯ ಜನಕ್ಕೆ ಕೋಚ್ ಎಂದರು. ಹೂಂ ಎಂದೆ. ಕೊನೆಯ ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದು, ಕೋಲನ್ನು ನನ್ನ ತೊಡೆಯ ಮೇಲಿಟ್ಟರು.

"ಮುಂದಿನ ವರ್ಷ ನೀನು ಗೋಲಲ್ಲಿ ಇರ್ತೀಯ, ಸೂ. ನೀನಿದ್ರೆ ಟೀಮ್ ಇರುತ್ತೆ. ಟೀಮ್ ಇದ್ರೆ ನಾನಿರ್ತೀನಿ."

ನಾನು ಹೂಂ ಎಂದೆ.

ಅವರ ಮುಖ ಅರಳಿತು. ಆ ಮುಖವನ್ನು ನಾನು ನೋಡಿದೆ. ನನ್ನ ಹೂಂ ಅವರ ಕಿವಿಯಲ್ಲಿ ಯಾವ ಹೂಂ ಆಗಿ ಬಿತ್ತು ಎಂಬುದು ತಕ್ಷಣ ಗೊತ್ತಾಯಿತು. ಸರ್, ಹಾಗಲ್ಲ ಎನ್ನಲು ಅರ್ಧ ನಿಮಿಷ ಸಾಕಿತ್ತು. ಅವರು ನನ್ನ ಭುಜ ತಟ್ಟಿದರು, ನಾನು ಹೊಸ ಬಲೆ ಚೆನ್ನಾಗಿದೆ ಎಂದೆ.

ಮನೆಗೆ ಬಂದು ಶೈಲಾಗೆ ಹೇಳಿದೆ. ನಾನು ಒಪ್ಪಿಯೇ ಇಲ್ಲ, ಬರೀ ಹೂಂಗುಟ್ಟಿದೆ, ಅವರೇ ತಪ್ಪು ತಿಳಿದರು ಎಂದು ವಾದ ಹೂಡಿದೆ. ಅವಳು ಯಾವತ್ತೂ ತಮಾಷೆ ಮಾಡುವವಳು, ಅವತ್ತು ಮಾಡಲಿಲ್ಲ.

"ಅವ್ರಿಗೆ ಹೇಗೆ ಗೊತ್ತಾಗತ್ತೆ ಕಣೇ, ಅವ್ರೇನು ಗದಗದವ್ರಾ? ಈಗ್ಲೇ ಫೋನ್ ಮಾಡಿ ಕ್ಲಿಯರ್ ಮಾಡ್ಬಿಡು."

ನಾಳೆ ಮಾಡುತ್ತೇನೆ ಎಂದೆ. ನಾಳೆ ಸೋಮವಾರ. ಬೆಳಿಗ್ಗೆ ಒಮ್ಮೆ ನಂಬರ್ ಒತ್ತಿ ಇಟ್ಟೆ. ಮಧ್ಯಾಹ್ನ ಲೈಬ್ರರಿಗೆ ಹೋದೆ. ಸಂಜೆ ಪ್ರಾಕ್ಟೀಸಿಗೆ ಹೋದರೆ ಅವರು ತಂಡವನ್ನೆಲ್ಲ ಸುತ್ತ ನಿಲ್ಲಿಸಿಕೊಂಡಿದ್ದರು. ಸೂ ಮುಂದಿನ ವರ್ಷಕ್ಕೆ ಇದ್ದಾಳೆ, ನಾನೂ ಇದ್ದೇನೆ, ಬೆಳಿಗ್ಗೆಯೇ ಶಾಲೆಗೆ ಆಗುವುದಿಲ್ಲ ಎಂದು ತಿಳಿಸಿಬಿಟ್ಟೆ ಎಂದರು. ಹನ್ನೆರಡು ಹೆಂಗಸರು ಚಪ್ಪಾಳೆ ತಟ್ಟಿದರು. ಮಾರ್ಗರೆಟ್ ಬಂದು ಅಪ್ಪಿಕೊಂಡಳು. ನಾನು ಹೆಲ್ಮೆಟ್ ಹಾಕಿಕೊಂಡು ಗೋಲಿಗೆ ಹೋಗಿ ನಿಂತೆ. ಹೆಲ್ಮೆಟ್ಟಿನ ಜಾಲರಿಯ ಹಿಂದೆ ಮುಖ ಕಾಣುವುದಿಲ್ಲ, ಅದೊಂದು ಅನುಕೂಲ.

ಇನ್ನೆರಡು ವಾರ ಹಾಗೇ ಎಳೆದೆ. ಕೊನೆಯ ಪಂದ್ಯವನ್ನೂ ಸೋತೆವು. ಎಲ್ಲರೂ ಕಾರು ಹತ್ತಿದ ಮೇಲೆ, ಅವರು ಬಗ್ಗಿ ಚೆಂಡು ಹೆಕ್ಕುತ್ತಿದ್ದಾಗ, ಮುಂದಿನ ಶುಕ್ರವಾರ ನಾನು ಸಿಡ್ನಿಗೆ ಹೋಗುತ್ತಿದ್ದೇನೆ ಎಂದೆ. ಎಡಗಿವಿಯ ಕಡೆ ನಿಂತಿದ್ದೆ. ಕೇಳಲಿಲ್ಲ. ಆ ಕಡೆಗೆ ಸುತ್ತಿ ಹೋಗಿ ಮತ್ತೆ ಹೇಳಬೇಕಾಯಿತು. ಒಂದೇ ಕೆಟ್ಟ ಕೆಲಸವನ್ನು ಎರಡು ಸಲ ಮಾಡಿದ ಹಾಗಾಯಿತು.

"ನೀನು ಯೆಸ್ ಅಂದಿದ್ದೆಯಲ್ಲ," ಎಂದರು. ಸಿಟ್ಟಿರಲಿಲ್ಲ. ತಮಗೇ ನೆನಪು ತಪ್ಪಿತೇನೋ ಎಂಬ ಅನುಮಾನ ಆ ದನಿಯಲ್ಲಿತ್ತು. ಅದನ್ನು ಕೇಳಿ ನನಗೆ ನಾಚಿಕೆಯಾಯಿತು. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. ನಾನು ಯೆಸ್ ಎಂದಿಲ್ಲ ಸರ್, ಹೂಂ ಎಂದೆ, ನಮ್ಮ ಭಾಷೆಯಲ್ಲಿ ಹಾಗೆಂದರೆ ಕೇಳುತ್ತಿದ್ದೇನೆ ಎಂದರ್ಥ ಎಂದು ವಿವರಿಸಿದೆ. ವ್ಯಾಕರಣದ ಪಾಠ ಮಾಡಿದೆ. ಅವರು ಪೂರ್ತಿ ಕೇಳಿದರು. ಚೆಂಡಿನ ಚೀಲದ ಬಾಯಿ ಕಟ್ಟಿದರು. ಸರಿ, ಸಿಡ್ನಿಯಲ್ಲಿ ಚಳಿ ಕಡಿಮೆ, ನಿನ್ನ ಕೈಗೆ ಒಳ್ಳೆಯದು ಎಂದು ಹೇಳಿ ಕುಂಟುತ್ತಾ ಹೋದರು.

ಮುಂದಿನದನ್ನು ಮಾರ್ಗರೆಟ್ ಕಾಗದದಲ್ಲಿ ಬರೆದಳು. ತಂಡ ಮುಚ್ಚಿತು. ರೇ ಸರ್ ಶಾಲೆಗೆ ಫೋನ್ ಮಾಡಿದರೆ ಅಲ್ಲಿ ಬೇರೆಯವರನ್ನು ತೆಗೆದುಕೊಂಡಾಗಿತ್ತು. ಕರಾರು ಮುಗಿದ ವಾರ ರೇ ಸರ್ ಊರಿಗೆ ಹೊರಟರು. ಆ ಕಾಗದದಲ್ಲಿ ನನ್ನ ಮೇಲೆ ಒಂದು ಕೊಂಕು ಮಾತೂ ಇರಲಿಲ್ಲ, ಅದಕ್ಕೇ ಉತ್ತರ ಬರೆಯಲು ಆಗಲಿಲ್ಲ. ಇಲ್ಲಿಗೆ ಬಂದ ಮೇಲೆ ಪಿಆರ್ ಆಯಿತು, ಪ್ರಮೋಷನ್ ಆಯಿತು, ಈಗ ಮಾರ್ಟ್‌ಗೇಜ್ ಕೂಡ ಇದೆ. ಹೂಂ ಕತೆಯನ್ನು ಇಲ್ಲಿಯ ಕನ್ನಡದವರ ಊಟಗಳಲ್ಲಿ ಎರಡು ಮೂರು ಸಲ ನಗಿಸಲೆಂದು ಹೇಳಿದ್ದೂ ಉಂಟು. ಭಾಷೆಯ ಫಜೀತಿ ಎಂದು ಎಲ್ಲರೂ ನಗುತ್ತಾರೆ. ಮುಖ ಅರಳಿದ್ದನ್ನು ನೋಡಿಯೂ ಸುಮ್ಮನಿದ್ದೆ ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಲಿಫ್ಟಿನಲ್ಲಿ ಆ ವಾಸನೆ ಬಂದ ದಿನವೇ ಮಾರ್ಗರೆಟ್‌ಗೆ ಫೋನ್ ಮಾಡಿದೆ. ಅವಳ ನಂಬರ್ ಬದಲಾಗಿರಲಿಲ್ಲ. ರೇ ಈಗ ಅವರ ತಂಗಿಯ ಮನೆಯಲ್ಲಿದ್ದಾರೆ ಎಂದು ಹೇಳಿ ಆ ಮನೆಯ ನಂಬರ್ ಕೊಟ್ಟಳು. ಊರಿಗೆ ಹೋದ ಮೇಲೆ ಎರಡು ವರ್ಷ ಮತ್ತೆ ಸೂರು ಹತ್ತಿದರಂತೆ. ಆಮೇಲೆ ಏಣಿ ಯಾವ ಮನೆಗೆ ಹಚ್ಚಬೇಕು ಎಂಬುದು ಮರೆತುಹೋಗತೊಡಗಿತಂತೆ.

ಶನಿವಾರ ಬೆಳಿಗ್ಗೆ, ಅಲ್ಲಿ ಶುಕ್ರವಾರ ಸಂಜೆ, ತಂಗಿ ಫೋನ್ ಎತ್ತಿದರು. ಇವತ್ತು ಅಣ್ಣ ಪರವಾಗಿಲ್ಲ, ಮಾತಾಡಿ, ಆದರೆ ಗುರುತು ಹಿಡಿಯದಿದ್ದರೆ ಬೇಸರ ಮಾಡಿಕೊಳ್ಳಬೇಡಿ ಎಂದರು. ಆಟದಲ್ಲಿ ತಲೆಗೆ ಬಿದ್ದ ಪೆಟ್ಟುಗಳೇ ಕಾರಣವಿರಬಹುದು ಎಂದು ಡಾಕ್ಟರು ಹೇಳಿದ್ದಾರಂತೆ. ಆಮೇಲೆ ಆ ದನಿ ಬಂತು, ಸ್ವಲ್ಪವೂ ಬದಲಾಗದ ದನಿ. ಸರ್, ನಾನು ಸೂ, ಮೆಲ್ಬರ್ನ್ ಎಂದೆ. ಹಲೋ ಸೂ ಎಂದರು. ನನಗೆ ಅಷ್ಟು ಸಾಕಾಯಿತು. ಆರು ವರ್ಷದ್ದೆಲ್ಲ ಒಂದೇ ಉಸಿರಿಗೆ ಹೇಳಿದೆ. ಮೆಟ್ಟಿಲು, ಶಾಲೆ, ಹೂಂ, ಸಿಡ್ನಿಯ ಪತ್ರ ಆಗಲೇ ನನ್ನ ಚೀಲದಲ್ಲಿದ್ದದ್ದು. ನೀವು ತಪ್ಪು ತಿಳಿಯಲಿಲ್ಲ ಸರ್, ನೀವು ಹಾಗೆ ತಿಳಿದಿರಿ ಎಂದು ನನಗೆ ಗೊತ್ತಿತ್ತು, ತಪ್ಪು ನನ್ನದು, ನಿಮ್ಮ ಕೆಲಸ ಹೋದದ್ದು ನನ್ನಿಂದ ಎಂದೆ. ಅತ್ತೆ. ಅವರು ನಡುವೆ ಬಾಯಿ ಹಾಕದೆ, ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡರು.

"ನೀನು ಒಳ್ಳೆ ಹುಡುಗಿ ಅನ್ಸುತ್ತೆ," ಎಂದರು. ಆಮೇಲೆ ಕೇಳಿದರು, "ನೀನೂ ಆಡ್ತಿದ್ಯಾ? ಎಲ್ಲಿ ನಿಲ್ತಿದ್ದೆ?"

ಗೋಲಿನಲ್ಲಿ ಎಂದೆ.

"ಕಷ್ಟದ ಜಾಗ ಅದು. ನಿನ್ನ ಕೋಚ್ ಒಳ್ಳೆಯವನಿದ್ನಾ?"

ಫೋನ್ ಅವರ ಬಲಗಿವಿಗಿತ್ತೋ ಎಡಗಿವಿಗಿತ್ತೋ ಗೊತ್ತಿರಲಿಲ್ಲ. ಯೆಸ್ ಎಂದು ಕೂಗಿದೆ. ಕೇಳಲಿಲ್ಲವೇನೋ ಎಂದು ಮತ್ತೊಮ್ಮೆ ಕೂಗಿದೆ.